ಮಾವನ ಸ್ವರ ಮತ್ತು ನನ್ನ ನೀಲಿ ಪೆಟ್ಟಿಗೆ

ನಾನು ಕೈ ಹಾಕಿದ ಕೆಲಸ ಸುಸೂತ್ರವಾಗಿ ಮುಗಿದದ್ದನ್ನು ಕುಂಬ್ರದಲ್ಲಿ ಯಾರೂ ನೋಡಿಲ್ಲ. ಮುಗಿಯದೆ ಉಳಿದದ್ದನ್ನೂ ನೋಡಿಲ್ಲ. ನಡುವೆ ಏನಾದರೊಂದು ಆಗುತ್ತದೆ, ಊರು ನಗುತ್ತದೆ, ಅಷ್ಟು ಹೊತ್ತಿಗೆ ಕೆಲಸವೂ ಆಗಿರುತ್ತದೆ. ಹೋಟೆಲಿಗೆ ಹೋದರೆ "ಹೊಸದೊಂದು ಹೇಳಿ ಮಾರಾಯ್ರೆ" ಎಂದು ಚಾ ಕುಡಿಸುವವರು ಈಗಲೂ ಇದ್ದಾರೆ. ಬರೀ ಚಾ ಆದರೆ ನಡೆದದ್ದಷ್ಟೇ ಹೇಳುತ್ತೇನೆ. ಜೊತೆಗೆ ಗೋಳಿಬಜೆಯೂ ಬಂದರೆ ನಡೆಯದ್ದೂ ಸ್ವಲ್ಪ ಸೇರುತ್ತದೆ. ಇದನ್ನು ಬರೆಯುವಾಗ ನಾನು ಗೋಳಿಬಜೆ ತಿಂದಿದ್ದೇನೆ.

ಅಳತೆ ತೆಗೆಯದ ಶಾಲು

ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ, ಪೆರಾಬೆಯವರು. ಹೊಟ್ಟೆಗೆ ಅಡಿಕೆ ತೋಟ, ಜೀವಕ್ಕೆ ತಾಳಮದ್ದಳೆ. ವೇಷ ಕಟ್ಟದೆ, ಕುಣಿಯದೆ, ಕೂತಲ್ಲೇ ಪದ ಹಾಡಿ ಮಾತಾಡುವ ಯಕ್ಷಗಾನಕ್ಕೆ ನಮ್ಮಲ್ಲಿ ಹಾಗೆ ಹೇಳುವುದು. ಮಾತಾಡುವವರು ಅರ್ಥಧಾರಿಗಳು, ಹಾಡುವವರು ಭಾಗವತರು. ಅಲ್ಲಿಯ ಸಂಘದ ವಾರ್ಷಿಕ ತಾಳಮದ್ದಳೆಗೆ, ನಾನು ಆ ಮನೆಯ ಅಳಿಯ ಆಗುವ ಮೊದಲಿಂದಲೂ, ಮಾವನೇ ಭಾಗವತರು.

ಈ ಸಲ ನಾವು ಪೆರಾಬೆಗೆ ಹೋಗಿದ್ದ ದಿನವೇ ಸಂಘದ ಕಾರ್ಯದರ್ಶಿ ಬಂದರು. ಕೂತರು, ಬೆಲ್ಲ ನೀರು ಕುಡಿದರು, ಮಳೆ ಅಡಿಕೆ ಎಲ್ಲ ಮಾತಾಡಿದರು. ಆಮೇಲೆ ನೆಲ ನೋಡಿಕೊಂಡು ಹೇಳಿದರು, "ಭಾಗವತರೇ, ಈ ವರ್ಷ ನಿಮಗೊಂದು ಸನ್ಮಾನ ಮಾಡುವ ಅಂತ."

ಮಾವನ ಮುಖ ಸಣ್ಣದಾಯಿತು. ಹಾಡುವವರಿಗೆ ಶಾಲು ಹೊದೆಸುವುದು ಅಂದರೆ ನಮ್ಮ ಕಡೆ, ಇನ್ನು ಕೆಳಗೆ ಬಂದು ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ ಎಂದು ಮರ್ಯಾದೆಯಲ್ಲಿ ಹೇಳುವ ಕ್ರಮ.

"ಮತ್ತೆ ಹಾಡುದು ಯಾರು?"

"ಸುಳ್ಯದಿಂದ ಒಬ್ಬರು ಯುವ ಭಾಗವತರು ಬರ್ತಾರೆ. ಬೇಜಾರು ಮಾಡಬೇಡಿ. ಕಳೆದ ವರ್ಷದ ವಿಡಿಯೋ ಗ್ರೂಪಿನಲ್ಲಿ ಎಲ್ಲರೂ ನೋಡಿದ್ದಾರೆ. ನಿಮ್ಮ ಸ್ವರ ಕೇಳುದೇ ಇಲ್ಲ."

ಆ ವಿಡಿಯೋ ನಾನೂ ನೋಡಿದ್ದೆ. ಯಾರೋ ಪುಣ್ಯಾತ್ಮರು ಚೆಂಡೆಯ ಬುಡದಲ್ಲೇ ನಿಂತು ಫೋನಿನಲ್ಲಿ ತೆಗೆದದ್ದು. ಅಲ್ಲಿ ನಿಂತರೆ ಸಿಡಿಲು ಬಡಿದರೂ ಕೇಳಲಿಕ್ಕಿಲ್ಲ. ಆದರೆ ಮಾವನೇ ಅರ್ಧ ನಂಬಿಬಿಟ್ಟಿದ್ದರು, ಅದೇ ಕಷ್ಟ. ಭಾಗವತರ ಶ್ರುತಿಯನ್ನು ಹಾರ್ಮೋನಿಯಮ್ಮಿನ ಮನೆಗಳಲ್ಲಿ ಹೇಳುವುದು ವಾಡಿಕೆ. ಪ್ರಾಯದಲ್ಲಿ ಕಪ್ಪು ಮೂರರಲ್ಲಿ ಮೊಳಗಿದ ಮಾವ, ಈಗ ಕೆಲವು ವರ್ಷಗಳಿಂದ ಎರಡು ಮನೆ ಕೆಳಗಿಳಿದು ಬಿಳಿ ಮೂರಕ್ಕೆ ಬಂದಿದ್ದರು. ಅದನ್ನು ಹೊರಗೆ ಹೇಳುತ್ತಿರಲಿಲ್ಲ, ಗಂಟಲಿಗೆ ಮಾತ್ರ ಗೊತ್ತಿತ್ತು.

ನನ್ನ ಬಾಯಿ ಸುಮ್ಮನಿರುವ ಜಾತಿಯದ್ದಲ್ಲ. "ಕಾರ್ಯದರ್ಶಿಗಳೇ, ಮಾವನ ಸ್ವರವನ್ನು ನಾನು ಸರಿಯಾಗಿ ರೆಕಾರ್ಡ್ ಮಾಡಿ ತರ್ತೇನೆ. ಮಂಗಳೂರಿನ ಸ್ಟುಡಿಯೋದವರು ನಾಚಬೇಕು, ಹಾಗೆ. ಕಮಿಟಿಯವರು ಅದನ್ನು ಕೇಳಿ ಆಮೇಲೆ ತೀರ್ಮಾನ ಮಾಡಿ."

"ಬರುವ ಭಾನುವಾರ ಮೀಟಿಂಗ್ ಉಂಟು, ತನ್ನಿ," ಅಂದರು ಅವರು. ಮೆಟ್ಟಿಲು ಇಳಿಯುವಾಗ ಸಮಾಧಾನಕ್ಕೆ ಒಂದು ಮಾತು ಸೇರಿಸಿದರು, "ಶಾಲು ಮಾತ್ರ ಆರ್ಡರ್ ಆಗಿದೆ ಭಾಗವತರೇ, ಬಹಳ ಒಳ್ಳೇದು."

ಮಾವ ಕೂತಲ್ಲಿಂದಲೇ ಕೇಳಿದರು, "ನನ್ನ ಅಳತೆ ತೆಗೆಯದೆಯಾ? ಸ್ವರದ ಹಾಗೆ ಅದೂ ಅಂದಾಜಿನಲ್ಲೇ?"

ಅಡಿಕೆ ನೋಡುವ ಮಿಷನ್

ನನ್ನ ಧೈರ್ಯಕ್ಕೆಲ್ಲ ಆಧಾರ ಒಂದು ನೀಲಿ ಪೆಟ್ಟಿಗೆ. ಒಂದು ಬದಿಗೆ ಮೈಕಿನ ವಯರು, ಇನ್ನೊಂದು ಬದಿಗೆ ಕಂಪ್ಯೂಟರಿನ ವಯರು ಚುಚ್ಚಿದರೆ ಸ್ವರವನ್ನು ಚೊಕ್ಕವಾಗಿ ಒಳಗೆ ಕಳಿಸುತ್ತದೆ. ಅಂಗಡಿಯವರು ಆಡಿಯೋ ಇಂಟರ್‌ಫೇಸ್ ಅನ್ನುತ್ತಾರೆ. ನಾನೇ ದೊಡ್ಡ ಗಾಯಕ ಆಗುತ್ತೇನೆ ಎಂಬ ಭ್ರಮೆ ಇದ್ದ ಕಾಲದಲ್ಲಿ ತೆಗೆದುಕೊಂಡದ್ದು. ಭ್ರಮೆ ಹೋಯಿತು, ಅದಕ್ಕಿದ್ದ ಲ್ಯಾಪ್‌ಟಾಪೂ ಹೋಯಿತು, ಪೆಟ್ಟಿಗೆ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು. ಈಗ ಕೈಯಲ್ಲಿ ಇರುವುದು ಹೊಸ ಫೋನು. ಪೆಟ್ಟಿಗೆಯ ವಯರಿನ ಮೂತಿ ಚೌಕ, ಫೋನಿನ ಬಾಯಿ ಇರುವೆ ಬಾಯಿ.

ಪೆಟ್ಟಿಗೆ, ಮೈಕು, ಫೋನು ಎಲ್ಲ ಚೀಲದಲ್ಲಿ ತುಂಬಿಸಿ ಪುತ್ತೂರಿನ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದೆಂತದು ಅಣ್ಣ?"

ಗಂಭೀರವಾಗಿ ಹೇಳಿದೆ, "ಅಡಿಕೆ ಒಣಗಿದೆಯಾ ಇಲ್ವಾ ನೋಡುವ ಮಿಷನ್."

ಯಾಕೆ ಹೇಳಿದೆ ಅಂದರೆ ನನಗೂ ಗೊತ್ತಿಲ್ಲ. ಬಾಯಿಗೆ ಬಂತು. ಅವನು ಒಂದು ಕೊಂಡಿ ಸಿಕ್ಕಿಸಿ ಫೋನಿಗೆ ಜೋಡಿಸಿದ. ಪೆಟ್ಟಿಗೆಯ ದೀಪ ಒಮ್ಮೆ ಮಿನುಗಿ ಸತ್ತಿತು. ಈ ಸಾಧನ ಬಹಳ ಕರೆಂಟು ಎಳೆಯುತ್ತದೆ ಎಂದು ಫೋನು ದೂರು ಕೊಟ್ಟಿತು. "ಹಳೇ ಮಿಷನ್ ಅಲ್ವಾ, ಹಸಿವು ಜಾಸ್ತಿ. ಫೋನಿನ ಊಟ ಇದಕ್ಕೆ ಸಾಲುದಿಲ್ಲ," ಎಂದು ಅವನು ನಡುವೆ ನಾಲ್ಕು ಬಾಯಿಯ ಇನ್ನೊಂದು ಸಣ್ಣ ಪೆಟ್ಟಿಗೆ ಇಟ್ಟು, ಅದಕ್ಕೆ ಬೇರೆಯೇ ಚಾರ್ಜರ್ ಚುಚ್ಚಿದ. ದೀಪ ನಿಂತಿತು. ನಾನು ಮೈಕ್ ಸಿಕ್ಕಿಸಿದೆ.

ಪಕ್ಕದಲ್ಲಿ ಫೋನಿಗೆ ಗಾಜು ಹಾಕಿಸಲು ಬಂದಿದ್ದ ಒಬ್ಬ ಹಿರಿಯರು ಆಗಲೇ ಹತ್ತಿರ ಸರಿದಿದ್ದರು. ಕೈಯಲ್ಲಿ ಅಡಿಕೆ ಅಂಗಡಿಗೆ ತೋರಿಸಲು ತಂದ ಮಾದರಿಯ ಪ್ಲಾಸ್ಟಿಕ್ ತೊಟ್ಟೆ. "ಮಾರಾಯ್ರೆ, ನನ್ನದೊಂದು ನೋಡುದಾ?"

ಇನ್ನು ಹಿಂದೆ ಹೋಗುವ ಹಾಗಿಲ್ಲ. ಎರಡು ಅಡಿಕೆ ತೆಗೆದು ಮೈಕಿನ ಎದುರು ಒಂದಕ್ಕೊಂದು ಟಕ್ ಟಕ್ ಕುಟ್ಟಿದೆ. ಪೆಟ್ಟಿಗೆಯಲ್ಲಿ ಹಸಿರು ದೀಪ ಹೊಳೆಯಿತು. ಕಣ್ಣು ಸಣ್ಣ ಮಾಡಿ ನೋಡಿ, "ಒಳಗೆ ಸ್ವಲ್ಪ ಹಸಿ ಉಂಟು. ಇನ್ನೂ ಎರಡು ಬಿಸಿಲು ಬೇಕು," ಅಂದೆ.

ಅವರು ನಿಟ್ಟುಸಿರು ಬಿಟ್ಟರು. "ಸರಿಯಾಗಿ ಹೇಳಿದೆ ನೋಡಿ ಮಿಷನ್. ನನ್ನ ಹೆಂಡತಿಯೂ ಅದನ್ನೇ ಹೇಳಿದ್ದು." ತೊಟ್ಟೆ ಕಟ್ಟಿಕೊಂಡು ಸೀದಾ ಬಸ್ ಸ್ಟ್ಯಾಂಡಿಗೆ ಹೋದರು.

ಇಷ್ಟೂ ಹೊತ್ತು ವಯರು ಜೋಡಿಸಿ, ಮೈಕನ್ನು ಕಣ್ಣಾರೆ ನೋಡಿದ ಅಂಗಡಿಯವನಾದರೂ ನಗುತ್ತಾನೆ ಅಂದುಕೊಂಡೆ. ಅವನು ಮೇಜಿನ ಮೇಲೆ ಬಾಗಿ ಮೆಲ್ಲಗೆ ಕೇಳಿದ, "ಅಣ್ಣ, ಇದು ಕಾಳುಮೆಣಸೂ ನೋಡುತ್ತದಾ?"

ಸ್ವಚ್ಛವಾದ ರೆಕಾರ್ಡಿಂಗ್

ಮರುದಿನ ಪೆರಾಬೆಯ ಮನೆಯ ಚಾವಡಿಯಲ್ಲಿ ಸ್ಟುಡಿಯೋ ಎದ್ದಿತು. ಮಾವ ಚಾಪೆಯ ಮೇಲೆ ಜಾಗಟೆ ಹಿಡಿದು ಕೂತರು. ಪಕ್ಕದಲ್ಲಿ ಅವರ ಕರೆಂಟಿನ ಶ್ರುತಿಪೆಟ್ಟಿಗೆ. ಎದುರು ಮೈಕು, ಮೈಕಿನಿಂದ ನೀಲಿ ಪೆಟ್ಟಿಗೆ, ಅಲ್ಲಿಂದ ಕೊಂಡಿ, ಕೊಂಡಿಗೆ ಇನ್ನೊಂದು ಕೊಂಡಿ. ಫೋನನ್ನು ಮಾತ್ರ ವಯರು ಮುಟ್ಟುವಷ್ಟು ದೂರ ಒಯ್ದು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟೆ. ಚಾರ್ಜರಿನ ಪ್ಲಗ್ಗು ಇದ್ದದ್ದು ಅಲ್ಲೇ.

ಮಾವ ಗಣಪತಿ ಸ್ತುತಿಯಿಂದ ಸುರು ಮಾಡಿ ಅರ್ಧ ಗಂಟೆ ಹಾಡಿದರು. ನಾನು ಕಣ್ಣು ಮುಚ್ಚಿ ತಲೆಯಾಡಿಸಿದೆ. ಮುಗಿದ ಮೇಲೆ ಮಾವ, ಅತ್ತೆ, ನನ್ನ ಹೆಂಡತಿ ಎಲ್ಲರನ್ನೂ ಕೂರಿಸಿ ಫೋನು ಒತ್ತಿದೆ.

ಮೊದಲು ಬಂದದ್ದು ಸಾಸಿವೆ ಸಿಡಿದ ಶಬ್ದ. ಆಮೇಲೆ ಕಿವಿಯ ಹತ್ತಿರವೇ ಮಾತಾಡಿದ ಹಾಗೆ ನನ್ನ ಹೆಂಡತಿಯ ಸ್ವರ: "ಇವರಿಗೆ ಇದೆಲ್ಲ ಬರುದಿಲ್ಲ ಅಮ್ಮ. ಮೊನ್ನೆ ಮಿಕ್ಸಿ ರಿಪೇರಿ ಮಾಡಿದ್ದಾರೆ, ಈಗ ಮಿಕ್ಸಿ ಹಾಕಿದರೆ ಟಿವಿ ಆಫ್ ಆಗ್ತದೆ."

ಅತ್ತೆ: "ಹಾಗೆ ಹೇಳಬೇಡ. ಪಾಪ, ಅಪ್ಪನಿಗೋಸ್ಕರ ಅಲ್ವಾ ಒದ್ದಾಡುದು?"

ಹೆಂಡತಿ: "ಅಪ್ಪನ ಸ್ವರ ಉಳಿಯುತ್ತದಾ ಗೊತ್ತಿಲ್ಲ, ಇವರನ್ನು ಕೇಳಿ ಕೇಳಿ ನನ್ನ ಕಿವಿ ಹೋದದ್ದು ಹೌದು."

ಇದರ ಹಿಂದೆ ಬಹಳ ದೂರದಲ್ಲಿ, ಹೊಳೆಯ ಆಚೆ ದಡದಲ್ಲಿ ಯಾರೋ ಹಾಡುವಂತೆ, ಮಾವ. ವಿಷಯ ಏನೆಂದರೆ, ಫೋನು ನನ್ನ ಪೆಟ್ಟಿಗೆಯನ್ನು ಕ್ಯಾರೇ ಮಾಡದೆ ತನ್ನ ಸ್ವಂತ ಮೈಕಿನಲ್ಲೇ ಎಲ್ಲವನ್ನೂ ಹಿಡಿದಿತ್ತು. ಹೆಂಡತಿ ಎದ್ದು ಒಳಗೆ ಹೋದಳು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಮಾವ ಮಾತ್ರ ಕೊನೆಯವರೆಗೂ ಶ್ರದ್ಧೆಯಿಂದ ಕೇಳಿ ಅಭಿಪ್ರಾಯ ಕೊಟ್ಟರು. "ಅಳಿಯಂದಿರೇ, ಸ್ವರ ಬಹಳ ಸ್ಪಷ್ಟ ಉಂಟು. ನನ್ನದಲ್ಲ, ಅಷ್ಟೇ."

ನೆಲಕ್ಕೆ ಹೋಗುವ ವಯರು

ಬೇರೆ ಆ್ಯಪ್ ಹಾಕಿದೆ. ಅದು ಪೆಟ್ಟಿಗೆಯನ್ನು ಗುರುತಿಸಿತು. ಆದರೆ ಮಾವನ ಸ್ವರದ ಜೊತೆ 'ಗುಂಯ್' ಎಂದು ಒಂದು ಕಡಜದ ಗೂಡೂ ಒಳಗೆ ಬಂತು. ವಯರು ಬದಲಿಸಿದೆ, ಪ್ಲಗ್ಗು ತಿರುಗಿಸಿ ಚುಚ್ಚಿದೆ, ಕಡಜ ಹೋಗಲಿಲ್ಲ. ಸಿಟ್ಟಿನಲ್ಲಿ ಪೆಟ್ಟಿಗೆಯನ್ನು ಗಬಕ್ಕನೆ ಹಿಡಿದೆ ನೋಡಿ, ಪೂರ್ತಿ ನಿಶ್ಶಬ್ದ. ಕೈ ಬಿಟ್ಟರೆ ಗುಂಯ್. ಹಿಡಿದರೆ ಮೌನ. ಅರ್ಥಿಂಗ್ ಇಲ್ಲದ ಪೆಟ್ಟಿಗೆಗೆ, ಬರಿಗಾಲಿನಲ್ಲಿ ತಣ್ಣಗಿನ ನೆಲದ ಮೇಲೆ ಕೂತ ನಾನೇ ಅರ್ಥಿಂಗ್ ಆಗಿದ್ದೆ!

ಹಾಗಾಗಿ ಆ ಇಡೀ ರೆಕಾರ್ಡಿಂಗಿಗೆ ನಾನು ಪೆಟ್ಟಿಗೆಯನ್ನು ಮಗುವಿನ ಹಾಗೆ ತಬ್ಬಿಕೊಂಡು, ಪಾದ ಎರಡನ್ನೂ ನೆಲಕ್ಕೆ ಒತ್ತಿ, ಅಲ್ಲಾಡದೆ ಕೂರಬೇಕಾಯಿತು. ಮೂಗಿನ ಮೇಲೆ ನೊಣ ಕೂತಿತು. ಓಡಿಸುವ ಹಾಗಿಲ್ಲ. ಅದು ಅಲ್ಲಿಂದ ಕಿವಿಗೆ ಹೋಯಿತು, ಕಿವಿಯಿಂದ ಪುನಃ ಮೂಗಿಗೆ. ಮಾವ ಕರುಣರಸದ ಪದ ಎತ್ತಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ನೋಡಿ ಇನ್ನೂ ಎರಡು ಪದ ಹೆಚ್ಚು ಹಾಡಿದರು. ಅದು ನೊಣದ ನೀರು ಅಂತ ನಾನು ಹೇಳಲಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಕೊನೆಯಲ್ಲಿ ತಾಯಿಗೆ ಹೇಳಿದಳು, "ಮದುವೆ ಆದ ಮೇಲೆ ಮೊದಲ ಸಲ ಅಮ್ಮ, ಇವರು ಸುಮ್ಮನೆ ಕೂತದ್ದರಿಂದ ಒಂದು ಉಪಕಾರ ಆದದ್ದು."

ಸಡಿಲವಾದ ತಿರುಗಣೆ

ಆ ರೆಕಾರ್ಡನ್ನು ಚಾವಡಿಯಲ್ಲಿ ಹಾಕಿದೆ. ಮಾವನ ಸ್ವರವೇ ಹೌದು, ಆದರೆ ಇಪ್ಪತ್ತು ವರ್ಷ ಹಿಂದಿನದ್ದು. ಎತ್ತರ, ಚುರುಕು, ಬೆಳ್ಳಿ ತಂತಿಯ ಹಾಗೆ. ಅತ್ತೆ ಮಾವನ ಮುಖ ನೋಡಿದರು, ಫೋನಿನ ಮುಖ ನೋಡಿದರು.

ಮಾವ ಶ್ರುತಿಪೆಟ್ಟಿಗೆ ಹತ್ತಿರ ಎಳೆದು, ರೆಕಾರ್ಡಿಗೆ ಹೊಂದುವವರೆಗೆ ತಿರುಗಣೆ ತಿರುಗಿಸಿದರು. ನಿಂತದ್ದು ಎಲ್ಲಿ? ಕಪ್ಪು ಮೂರರ ಹತ್ತಿರ.

"ಅಲ್ಲ, ನಾನು ಬಿಳಿ ಮೂರಕ್ಕೆ ಇಟ್ಟಿದ್ದೆನಲ್ಲ?"

"ರೆಕಾರ್ಡಿನಲ್ಲಿ ಶ್ರುತಿಯೂ ಇಲ್ಲೇ ಉಂಟಲ್ಲ ಅಪ್ಪ, ನಿಮ್ಮ ಸ್ವರವೂ ಇಲ್ಲೇ ಉಂಟು," ಅಂದಳು ಹೆಂಡತಿ.

ಮಾವ ತಿರುಗಣೆಯನ್ನು ಅಲ್ಲಾಡಿಸಿ ನೋಡಿದರು. ಹಳೆಯದ್ದು, ಸ್ವಲ್ಪ ಸಡಿಲ ಇತ್ತು. ಅವರ ಮುಖದಲ್ಲಿ ಬೆಳಕು ಬಂತು. "ಹಾಗಾದರೆ ಇದು ತನ್ನಷ್ಟಕ್ಕೆ ತಿರುಗಿದೆ. ನಾನು ಗೊತ್ತಿಲ್ಲದೆಯೇ ಕಪ್ಪು ಮೂರರಲ್ಲಿ ಹಾಡಿದ್ದೇನೆ!"

ನಾನೂ ಹೌದೆಂದೆ. ಆ ಹೊತ್ತಿಗೆ ನನಗೂ ಬೇರೆ ಕಾರಣ ಗೊತ್ತಿರಲಿಲ್ಲ. ನನ್ನ ಪೆಟ್ಟಿಗೆಯ ಗುಣವೇ ಹಾಗೆ ಎಂದು ಎದೆ ಉಬ್ಬಿತ್ತು.

ಭಾನುವಾರ ಕಮಿಟಿಯ ಎದುರು ಅದನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿದೆ. ಎರಡನೇ ಪದಕ್ಕೇ ಅಧ್ಯಕ್ಷರು, "ಇವರಿಗೆ ಸನ್ಮಾನ ಮಾಡಿ ಮನೆಗೆ ಕಳಿಸುದು ಅಂತ ಹೇಳಿದ್ದು ಯಾರು?" ಎಂದು ಕೇಳಿದರು. ಎಲ್ಲರೂ ಕಾರ್ಯದರ್ಶಿಯನ್ನು ನೋಡಿದರು. ಮಾವ ಹಾಡುವುದೆಂದೇ ತೀರ್ಮಾನವಾಯಿತು. ಸುಳ್ಯದ ಭಾಗವತರು ಮಾವನಿಗೆ ಸುಸ್ತಾದರೆ ಎಂದು ಜೊತೆಗೆ ಇರುವುದು.

"ಮತ್ತೆ ಆ ಶಾಲು?" ಎಂದು ಕಾರ್ಯದರ್ಶಿ ಸಣ್ಣ ಸ್ವರದಲ್ಲಿ ಕೇಳಿದರು.

ಅಧ್ಯಕ್ಷರು ಹೇಳಿದರು, "ಅದನ್ನು ನೀವೇ ಹೊದ್ದುಕೊಳ್ಳಿ. ಈಗ ತಣ್ಣೀರು ಎರಚಿಸಿಕೊಂಡು ಚಳಿ ಹಿಡಿದದ್ದು ನಿಮಗಲ್ವಾ?"

ಕಡಬದಲ್ಲಿ ಆದದ್ದು

ಕಾರ್ಯಕ್ರಮಕ್ಕೆ ಇನ್ನೇನು ಎರಡು ದಿನ. ಮನೆಯಲ್ಲಿ ಕೂತು, ನನ್ನ ಸ್ವರ ಈ ಪೆಟ್ಟಿಗೆಯಲ್ಲಿ ಹೇಗಿರಬಹುದು ಎಂದು "ನಮಸ್ಕಾರ ಮಹಾಜನಗಳೇ" ಎಂದು ರೆಕಾರ್ಡ್ ಮಾಡಿದೆ. ಹಾಕಿ ಕೇಳಿದರೆ ಎಂಟನೇ ಕ್ಲಾಸಿನ ಹುಡುಗನೊಬ್ಬ ಅವಸರದಲ್ಲಿ "ನಮಸ್ಕಾರ ಮಹಾಜನಗಳೇ" ಎಂದು ಹೇಳಿ ಓಡಿದ.

ತಲೆಗೆ ಹೊಡೆದ ಹಾಗಾಯಿತು. ಹಳೇ ಪೆಟ್ಟಿಗೆ ಸ್ವರವನ್ನು ತುಂಡು ತುಂಡು ಮಾಡಿ ಕೊಡುವ ಲೆಕ್ಕ ಒಂದು. ಹೊಸ ಫೋನು ಆ ತುಂಡುಗಳನ್ನು ಜೋಡಿಸುವ ಲೆಕ್ಕ ಇನ್ನೊಂದು. ಎರಡೂ ಹೊಂದದಿದ್ದರೆ ರೆಕಾರ್ಡು ಬೇಗ ಓಡುತ್ತದೆ, ಸ್ವರ ಮೇಲಕ್ಕೆ ಹೋಗುತ್ತದೆ. ಶ್ರುತಿಯೂ ಸೇರಿ ಹೋಗುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಮಾವ ಹಾಡಿದ್ದು ಬಿಳಿ ಮೂರರಲ್ಲೇ. ಕಪ್ಪು ಮೂರಕ್ಕೆ ಏರಿದ್ದು ಪೆಟ್ಟಿಗೆ. ಈಗ ಮಾವ ಊರೆಲ್ಲ ಕಪ್ಪು ಮೂರು ಎಂದು ಹೇಳಿ ಆಗಿದೆ. ನೂರಾರು ಜನರ ಎದುರು ಸ್ವರ ಒಡೆದರೆ?

ಹೆಂಡತಿಗೆ ಹೇಳಿದೆ. ಅವಳು ಹೇಳಿದಳು, "ಅಪ್ಪನಿಗೆ ಹೇಳಬೇಡಿ. ದಿನಾ ಬೆಳಿಗ್ಗೆ ಎದ್ದು ಕಪ್ಪು ಮೂರರಲ್ಲಿ ಅಭ್ಯಾಸ ಮಾಡ್ತಾರಂತೆ. ಅಮ್ಮ ಫೋನು ಮಾಡಿ ಹೇಳಿದ್ರು, ಎರಡು ಹೊತ್ತೂ ಸರಿಯಾಗಿ ಊಟ ಮಾಡ್ತಾ ಇದ್ದಾರೆ ಅಂತ."

ನಾನು ಬೇರೆ ಉಪಾಯ ಹುಡುಕಿದೆ. ಸಂಘದವರು ತಾಳಮದ್ದಳೆ ಇಟ್ಟದ್ದು ಕಡಬದ ಸಭಾಭವನದಲ್ಲಿ. ಕಾರ್ಯಕ್ರಮದ ದಿನ ಅಲ್ಲಿ ಊಟ ಮುಗಿಸಿ ಎಲ್ಲರೂ ಕೈ ತೊಳೆಯುವಾಗ ವೇದಿಕೆಗೆ ಹತ್ತಿ, ಶ್ರುತಿಪೆಟ್ಟಿಗೆಯ ತಿರುಗಣೆಯನ್ನು ಮೆಲ್ಲಗೆ ಕೆಳಗೆ ತಿರುಗಿಸಲು ಹೊರಟೆ. ಒಂದು ಮನೆ ಇಳಿದಿರಬಹುದು, ಹಿಂದಿನಿಂದ ಕೆಮ್ಮು ಕೇಳಿತು.

"ಎಂತ ಮಾಡುದು ಅಳಿಯಂದಿರೇ?"

"ಧೂಳು ಒರೆಸಿದ್ದು ಮಾವ."

"ಒರೆಸಿ ಆಯ್ತಲ್ಲ, ಇನ್ನು ಕೆಳಗೆ ಹೋಗಿ," ಎಂದು ಮಾವ ಕೂತರು. ತಿರುಗಣೆಯನ್ನು ವಾಪಸು ಕಪ್ಪು ಮೂರಕ್ಕೆ ತಂದು, ಸಡಿಲ ಆಗದ ಹಾಗೆ ಅದರ ಮೇಲೆ ಒಂದು ತುಂಡು ಟೇಪು ಅಂಟಿಸಿದರು. 

ನಾನು ರೆಕಾರ್ಡಿಂಗ್ ಸುರು ಮಾಡಿ, ನೀಲಿ ಪೆಟ್ಟಿಗೆ ತಬ್ಬಿಕೊಂಡು, ಬರಿಗಾಲಿನಲ್ಲಿ, ವೇದಿಕೆಯ ಬದಿಯಲ್ಲಿ ನೆಲಕ್ಕೆ ಕೂತೆ. ಮೊದಲ ಪದಗಳು ಕೆಳಗಿನ ಸ್ವರಗಳಲ್ಲೇ ಹೋದವು, ದಾಟಿದವು. ಆಮೇಲೆ ಯುದ್ಧದ ಪದ ಬಂತು. ಮೇಲಿನ ಷಡ್ಜಕ್ಕೆ ಏರಲೇಬೇಕು, ತಪ್ಪಿಸಲು ದಾರಿ ಇಲ್ಲ. ಮಾವ ಜಾಗಟೆಗೆ ಒಂದು ಪೆಟ್ಟು ಕೊಟ್ಟು, ಕಣ್ಣು ಮುಚ್ಚಿ, ಎತ್ತಿದರು. ಒಂದು ಕ್ಷಣ ಸ್ವರ ಅಂಚಿನಲ್ಲಿ ನಡುಗಿತು. ನಾನು ಪೆಟ್ಟಿಗೆಯನ್ನು ಒತ್ತಿ ಹಿಡಿದೆ. ಒತ್ತಿದರೆ ಮಾವನಿಗೆ ಬಲ ಬರುತ್ತದೆಯೋ ಎನ್ನುವ ಹಾಗೆ. ಮರುಕ್ಷಣ ಸ್ವರ ನಿಂತಿತು! ಚೆಂಡೆಯ ಮೇಲೆ, ಮದ್ದಳೆಯ ಮೇಲೆ, ಸಭಾಭವನದ ತಗಡಿನ ಮಾಡಿಗೆ ತಾಗಿ ನಿಂತಿತು. ಜನ ಚಪ್ಪಾಳೆ ಹೊಡೆದರು. ಅತ್ತೆ ಎದ್ದೇ ನಿಂತಿದ್ದರು. ನನ್ನ ಹೆಂಡತಿ ಪಕ್ಕದವರಿಗೆಲ್ಲ "ನನ್ನ ಅಪ್ಪ, ನನ್ನ ಅಪ್ಪ" ಎಂದು ಹೇಳುತ್ತಿದ್ದಳು, ಅವರಿಗೆ ಗೊತ್ತಿಲ್ಲದ ಹಾಗೆ. ನನ್ನ ಕಣ್ಣಲ್ಲಿ ಪುನಃ ನೀರು. ಈ ಸಲ ನೊಣ ಇರಲಿಲ್ಲ.

ಅರ್ಧದಲ್ಲಿ ಸುಳ್ಯದ ಭಾಗವತರಿಗೆ ಬಿಟ್ಟುಕೊಡಲು ಮಾವ ಜಾಗಟೆ ಚಾಚಿದರು. ಆ ಒಳ್ಳೆಯ ಮನುಷ್ಯ ಕೈ ಮುಗಿದು, "ಈ ಶ್ರುತಿಯಲ್ಲಿ ಇಷ್ಟು ಹೊತ್ತು ನನಗೆ ಕಷ್ಟ. ನೀವೇ ಮುಂದುವರಿಸಿ," ಅಂದರು. ಮಾವ ಮಂಗಳದವರೆಗೂ ಹಾಡಿದರು.

ಮರುದಿನ ಪೆರಾಬೆಯಲ್ಲಿ ಎಲ್ಲರೂ ಸೇರಿ ಆ ರೆಕಾರ್ಡು ಕೇಳಲು ಕೂತೆವು. ಫೋನಿನ ಲೆಕ್ಕ ಸರಿ ಮಾಡುವುದು ಹೇಗೆಂದು ನನಗೆ ಆಗ ಗೊತ್ತಾಗಿತ್ತು. ಒಂದೇ ಒಂದು ಗುಂಡಿ. ಮಾಡಲಿಲ್ಲ, ಅಷ್ಟು ಒಳ್ಳೆಯವ ನಾನಲ್ಲ.

ರಾಕ್ಷಸನ ಅರ್ಥ ಹೇಳಿದವರು ಪರೀಕ್ಷೆಗೆ ಹೊರಟ ಮಕ್ಕಳ ಹಾಗೆ ಗಡಿಬಿಡಿಯಲ್ಲಿ ಗರ್ಜಿಸಿದರು. ಚೆಂಡೆ ತಗಡಿನ ಡಬ್ಬಿಯ ಹಾಗೆ ಕುಣಿಯಿತು. ಎಲ್ಲಕ್ಕೂ ಮೇಲೆ ಮಾವನ ಸ್ವರ, ಸಣ್ಣಗೆ, ಗಂಟೆಯ ಹಾಗೆ. ಮಾವ ಶ್ರುತಿಪೆಟ್ಟಿಗೆ ಎಳೆದು, ಟೇಪು ಕಿತ್ತು, ತಿರುಗಿಸಿ ತಿರುಗಿಸಿ ಹೊಂದಿಸಿ ನೋಡಿದರು. ಕಪ್ಪು ಮೂರು ದಾಟಿ, ಕಪ್ಪು ನಾಲ್ಕರ ಬಾಗಿಲಿಗೆ ಮುಟ್ಟಿತ್ತು.  ಆಮೇಲೆ ಬೆನ್ನು ನೆಟ್ಟಗೆ ಮಾಡಿ, ನನ್ನ ಕಡೆ ತಿರುಗಿದರು.

"ಅಳಿಯಂದಿರೇ, ಪುತ್ತೂರಿನಲ್ಲಿ ಹೆಂಗಸರ ತಾಳಮದ್ದಳೆ ತಂಡ ಒಂದು ಉಂಟಲ್ಲ, ಅವರ ನಂಬರ್ ಸಿಕ್ಕಿದರೆ ಒಂದು ಮಾತು ಹೇಳಿ ಇಡಿ. ಅವರ ಎತ್ತರದ ಶ್ರುತಿಗೆ ಭಾಗವತರು ಸಿಗುದು ಕಷ್ಟ ಅಂತ ಕೇಳಿದ್ದೆ. ಇನ್ನು ಅವರು ಚಿಂತೆ ಮಾಡುದು ಬೇಡ."